ಕುರಿ ಎಷ್ಟು ಅಂತ ಕೇಳಿದ್ದೆ

ಕೊರೊನಾ ಬರುವುದಕ್ಕೆ ಎರಡು ವರ್ಷ ಮೊದಲಿನ ಮಾತು. ನಾನಾಗ ಚಿತ್ರದುರ್ಗದಲ್ಲಿ ಬಿ.ಎಡ್. ಎರಡನೇ ವರ್ಷದಲ್ಲಿದ್ದೆ. ನಾನು ಟೀಚರ್ ಆಗಬೇಕೆಂಬುದು ಅಬ್ಬಾನ ಆಸೆ. ನನಗೋ ನಲವತ್ತು ಮಕ್ಕಳ ಮುಂದೆ ನಿಂತರೆ ಕಾಲು ನಡುಗುತ್ತಿತ್ತು. ಅಭ್ಯಾಸ ಪಾಠಕ್ಕೆಂದು ಹೈಸ್ಕೂಲಿಗೆ ಹೋದಾಗ ಇಡೀ ಪಿರಿಯಡ್ ಬೋರ್ಡಿನ ಕಡೆಗೇ ಮುಖ ಮಾಡಿ ಪಾಠ ಮುಗಿಸಿ ಬಂದಿದ್ದೆ. ಬೆನ್ನ ಹಿಂದೆ ಮಕ್ಕಳು ಮುಸಿಮುಸಿ ನಗುತ್ತಿದ್ದರು.

ನಮ್ಮ ಉಪನ್ಯಾಸಕರೊಬ್ಬರು ಕರೆದು, "ನಸೀಮಾ, ಬಿ.ಎಡ್. ಮಾಡಿದೋರೆಲ್ಲ ಸ್ಕೂಲಿಗೇ ಹೋಗ್ಬೇಕು ಅಂತ ಎಲ್ಲೈತಮ್ಮ? ಕಲಿಸೋ ಕೆಲ್ಸ ಹೊರಗೂ ಬೇಕಾದಷ್ಟು ಐತೆ" ಎಂದರು. ಮತ್ತೋಡಿನ ಕಡೆಯ ಒಂದು ಹಳ್ಳಿಗೆ ಐದು ದಿನದ ಶಿಬಿರಕ್ಕೆ ಹಾಕಿದರು. ಕುರಿಗಳಿಗೆ ಜಂತುಹುಳದ ಔಷಧಿಯನ್ನು ಅಳತೆ ನೋಡಿ ಕುಡಿಸುವುದನ್ನು ಅಲ್ಲಿಯ ಹೆಂಗಸರಿಗೆ ಕಲಿಸಬೇಕಿತ್ತು. ಶುಕ್ರವಾರ ಅವರೇ ಬಂದು ಪಾಠ ನೋಡುವುದೆಂದಾಯಿತು. ಇದೂ ಕೈಕೊಟ್ಟರೆ ಕಾಲೇಜು ಬಿಡುವುದೇ ಸರಿ ಎಂದು ನಾನು ಒಳಗೊಳಗೇ ತೀರ್ಮಾನಿಸಿದ್ದೆ. ಅಬ್ಬಾಗೆ ಹೇಗೆ ಹೇಳುವುದು ಎಂಬುದೊಂದೇ ಬಾಕಿ.

ಹೊಸದುರ್ಗದಲ್ಲಿ ಗೆಳತಿಯ ಮನೆಯಲ್ಲಿ ಉಳಿದುಕೊಂಡು, ಸೋಮವಾರ ಚಾರ್ಟು ಸುತ್ತಿಕೊಂಡು ಬಸ್ಸು ಹತ್ತಿದೆ. ಹೊಂಗೆ ಮರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಬಂದು ಕೂತಿದ್ದರು. ಎಲ್ಲರಿಗೂ ಉತ್ತರ ಗೊತ್ತಿರುವ ಪ್ರಶ್ನೆಯಿಂದಲೇ ಪಾಠ ಶುರುವಾಗಬೇಕೆಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಮುಂದೆ ಕೂತಿದ್ದ ಅಜ್ಜಿಯನ್ನು ಕೇಳಿದೆ: "ಅಮ್ಮಾ, ನಿಮ್ಮ ಹತ್ರ ಎಷ್ಟು ಕುರಿ ಅವೆ?"

ಅಜ್ಜಿ ಮುಖ ತಿರುಗಿಸಿಕೊಂಡಳು. ಕೇಳಿಸಲಿಲ್ಲವೇನೋ ಎಂದು ಪಕ್ಕದವಳನ್ನು ಕೇಳಿದೆ, ಆಮೇಲೆ ಅವಳ ಪಕ್ಕದವಳನ್ನು. ಒಬ್ಬಳಿಗೆ ಒಲೆಯ ಮೇಲೆ ಸಾರಿಟ್ಟದ್ದು ನೆನಪಾಯಿತು, ಇನ್ನೊಬ್ಬಳು ಸೆರಗು ಕೊಡವಿ ಎದ್ದಳು. ಐದು ನಿಮಿಷದಲ್ಲಿ ಮರದ ಕೆಳಗೆ ಉಳಿದದ್ದು ನಾನು ಮತ್ತು ನನ್ನ ಚಾರ್ಟು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಅದೇ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಹೆಸರು ತಿಪ್ಪಕ್ಕ. "ಯಾಕವ್ವ ಅಳ್ತೀಯ? ಕುರಿ ಲೆಕ್ಕ ಹೊರಗಿನೋರಿಗೆ ಹೇಳಬಾರ್ದು ತಾಯಿ. ಹೇಳಿದ್ರೆ ಕಣ್ಣು ಬಿದ್ದು ಹಟ್ಟಿ ಬರಿದಾಗ್ತೈತೆ ಅಂತಾರೆ ನಮ್ಮೋರು. ನೀನು ಬಂದೋಳೆ ಅದನ್ನೇ ಕೇಳಿದ್ರೆ?"

"ನಂಗೆ ಗೊತ್ತಿರ್ಲಿಲ್ಲ ಅಜ್ಜಿ" ಎಂದು ಕಣ್ಣೊರೆಸಿಕೊಂಡೆ. "ಎಣಿಸದೇ ಇದ್ರೆ ಒಂದು ತಪ್ಪಿಸ್ಕೊಂಡದ್ದು ಹೆಂಗೆ ಗೊತ್ತಾಗುತ್ತೆ?"

"ನಿಮ್ಮ ಮನ್ಯಾಗೆ ಉಣ್ಣಾಕೆ ಕುಂತೋರ್ನ ಎಣಿಸಿ ನೋಡ್ತಿಯೇನು? ಮುಖ ಕಾಣ್ದಿದ್ರೆ ಗೊತ್ತಾಗಲ್ವೇನು?"

ಮಾರನೆಯ ದಿನ ಚಾರ್ಟನ್ನು ಗೆಳತಿಯ ಮನೆಯಲ್ಲೇ ಬಿಟ್ಟೆ. "ನಿಮ್ಮ ಕುರಿಗಳ ಮುಖ ನಂಗೂ ತೋರಿಸ್ರಿ" ಎಂದು ತಿಪ್ಪಕ್ಕನ ಹಿಂದೆ ಹೋದೆ. ಹಣೆಗೆ ಬಿಳಿ ಬೊಟ್ಟಿದ್ದದ್ದು, ಕಿವಿ ಮೋಟಾದದ್ದು, ಜಗಳಗಂಟಿ, ಎಲ್ಲಕ್ಕೂ ಒಂದೊಂದು ಹೆಸರು. ಅತ್ತೆ, ಸೊಸೆ ಎಂಬ ಎರಡು ಕುರಿಗಳೂ ಇದ್ದವು. ನಾನು ಅತ್ತೆಯನ್ನು ಸೊಸೆ ಎಂದಾಗಲೆಲ್ಲ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಯಾಕೋ ಭಯವೇ ಆಗಲಿಲ್ಲ.

ಹಾಗೆ ನೋಡುತ್ತಿರುವಾಗ, ಯಾವ ಮರಿಗೆ ಎಷ್ಟು ಔಷಧಿ ಎಂಬ ಮಾತನ್ನು ಅವರಾಗಿಯೇ ತೆಗೆದರು. ಅದುವರೆಗೆ ಎಲ್ಲಕ್ಕೂ ಕೈಯಳತೆಯಲ್ಲೇ ಕುಡಿಸುತ್ತಿದ್ದರಂತೆ. ಪಶುವೈದ್ಯರು ಬರೆದುಕೊಟ್ಟಿದ್ದ ಅಳತೆಯನ್ನು ಸೂಜಿಯಿಲ್ಲದ ಸಿರಿಂಜಿನ ಮೇಲೆ ತೋರಿಸಿದೆ. ಗೆರೆ ಕಣ್ಣಿಗೆ ಹತ್ತುವುದಿಲ್ಲ ಎಂದಳು ತಿಪ್ಪಕ್ಕ. ಅವಳ ಸೊಸೆ ಓಡಿಹೋಗಿ ಉಗುರುಬಣ್ಣದ ಶೀಶೆಗಳನ್ನು ತಂದಳು. ಮರಿಯ ಅಳತೆಗೆ ಕೆಂಪು ಗೆರೆ, ದೊಡ್ಡದಕ್ಕೆ ಗುಲಾಬಿ. ಎರಡು ದಿನ ಬರೀ ನೀರು ತುಂಬಿ ಅಭ್ಯಾಸ ಮಾಡಿದೆವು.

ಶುಕ್ರವಾರ ಸರ್ ಬಂದಾಗ ಹಟ್ಟಿಯಲ್ಲಿ ಗದ್ದಲವೋ ಗದ್ದಲ. ತಿಪ್ಪಕ್ಕ ಮರಿಯೊಂದನ್ನು ತೊಡೆಯ ಸಂದಿಯಲ್ಲಿ ಹಿಡಿದು, "ಲೇ, ಅದಕ್ಕೆ ಕೆಂಪು ಸಾಕು, ಗುಲಾಬಿ ಮುಟ್ಟಬ್ಯಾಡ!" ಎಂದು ಕೂಗುತ್ತಿದ್ದಳು. ನಾನು ಮೂಲೆಯಲ್ಲಿ ಸಿರಿಂಜು ತೊಳೆಯುತ್ತಿದ್ದೆ. ಸರ್ ಅಂಕ ಹಾಕುವ ಪುಸ್ತಕ ತೆಗೆದರು. ಕಪ್ಪುಹಲಗೆಯ ಬಳಕೆ, ಚಾರ್ಟಿನ ಬಳಕೆ, ಎರಡರ ಎದುರೂ ಅಡ್ಡಗೆರೆ ಎಳೆದರು.

"ಈ ಹುಡುಗಿ ಏನು ಕಲಿಸಿದ್ಳಜ್ಜಿ?" ಎಂದು ಕೇಳಿದರು.

ತಿಪ್ಪಕ್ಕ ಕೈ ಒರೆಸಿಕೊಂಡಳು. "ನಮಗೆ ಕುರಿ ಗೊತ್ತಿತ್ತು ಸಾರ್, ಔಸ್ದಿ ಗೊತ್ತಿರ್ಲಿಲ್ಲ. ಈಯಮ್ಮಂಗೆ ಔಸ್ದಿ ಗೊತ್ತಿತ್ತು, ಕುರಿ ಗೊತ್ತಿರ್ಲಿಲ್ಲ. ಇಬ್ರೂ ಕಲ್ತ್ವಿ. ಕುಂತ್ಕಳ್ರಿ, ನಿಮಗೂ ಹೇಳ್ಕೊಡ್ತೀನಿ."

ಸರ್ ಪ್ಯಾಂಟು ಮಡಿಚಿ ಹಿಕ್ಕೆಯ ಮೇಲೇ ಕುಕ್ಕರುಗಾಲಲ್ಲಿ ಕೂತರು. ಪುಸ್ತಕ ಮತ್ತೆ ತೆರೆಯಲಿಲ್ಲ.

ಸಂಜೆ ಬಸ್ಸು ಹತ್ತುವಾಗ ತಿಪ್ಪಕ್ಕ ಕೇಳಿದಳು: "ನಾಳೆನೂ ಬರ್ತೀಯೇನವ್ವ?"

ಶಿಬಿರ ಅವತ್ತಿಗೆ ಮುಗಿದಿತ್ತು. ಅದುವರೆಗೆ ನನ್ನ ಪಾಠ ಕೇಳಿದ ಯಾರೂ ನಾಳೆಯೂ ಬಾ ಎಂದಿರಲಿಲ್ಲ. ಸೀಟಿನಲ್ಲಿ ಕೂತು ಮತ್ತೆ ಅತ್ತೆ. ಕಂಡಕ್ಟರು ಟಿಕೆಟ್ ಹರಿಯದೆ ಮುಂದೆ ಹೋಗಿ, ಆಮೇಲೆ ಬಂದ.

ಕಾಲೇಜು ಬಿಡಲಿಲ್ಲ. ಈಗ ಹಿರಿಯೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ಕುರಿ ಸಾಕುವವರಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ಹೊಸ ಊರಿನಲ್ಲಿ ಇಳಿಯುವಾಗ ಇಂದಿಗೂ ಕಾಲು ಸಣ್ಣಗೆ ನಡುಗುತ್ತದೆ. ಸಂಜೆ ಹೊರಡುವಾಗ ಬ್ಯಾಗು ಹೆಗಲಿಗೇರಿಸಿಕೊಂಡು ಬೇಕೆಂದೇ ಸ್ವಲ್ಪ ತಡ ಮಾಡುತ್ತೇನೆ, ಯಾರಾದರೂ ನಾಳೆನೂ ಬರ್ತೀಯಾ ಅಂತ ಕೇಳಲಿ ಎಂದು.