ಐಸ್ ಪ್ಲಾಂಟಿನ ಅಂಗಾರಣ್ಣನ ಹಿಮದ ಹರಳು

ಬೆಳಗಿನ ಐದು ಗಂಟೆ. ಮಲ್ಪೆ ಬಂದರಿನ ಹಿಂಬದಿಯ ಐಸ್ ಪ್ಲಾಂಟಿನಲ್ಲಿ ಅಂಗಾರ ಕೊಕ್ಕೆ ಹಾಕಿ ಮಂಜುಗಡ್ಡೆ ಎಳೆಯುತ್ತಾರೆ. ಒದ್ದೆ ಹಲಗೆಯ ಮೇಲೆ ಜಾರಿದ ಗಡ್ಡೆ ಕ್ರಷರಿಗೆ ಬಿದ್ದು, ಇನ್ನೊಂದು ಬದಿಯಲ್ಲಿ ಪುಡಿಯಾಗಿ ಸುರಿಯುತ್ತದೆ. ಹತ್ತು ಗಂಟೆಯೊಳಗೆ ಹೀಗೆ ಇನ್ನೂರು ಗಡ್ಡೆ. ನಡುನಡುವೆ ಒಂದು ಹಿಡಿ ಪುಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಪಕ್ಕದಲ್ಲಿ ನಿಂತ ನನಗೂ ತೋರಿಸುತ್ತಾರೆ.

“ಚೂಪು ಇರಬಾರದು. ಮೀನಿನ ಮೈಗೆ ಚುಚ್ಚುತ್ತದೆ. ಗಾಯದ ಮೀನು ಯಾರಿಗೆ ಬೇಕು?”

ಹತ್ತಿರದ ಹೂಡೆ ಊರಿನ ಅಂಗಾರರಿಗೆ ಐವತ್ತೆರಡು ವರ್ಷ. ಮೊದಲು ದೋಣಿಗೆ ಹೋಗುತ್ತಿದ್ದರು. ಹಗ್ಗ ಸುತ್ತಿಕೊಂಡು ಎಡಗೈಯ ಎರಡು ಬೆರಳು ಹೋದ ಮೇಲೆ ದಡದಲ್ಲೇ ಉಳಿದರು. ಉಳಿದ ಬೆರಳುಗಳು ಇಪ್ಪತ್ತೆರಡು ವರ್ಷದ ಐಸಿಗೆ ಮರಗಟ್ಟಿವೆ. ಅಂಗಿಯ ಗುಂಡಿ ಹಾಕಲು ಹೆಂಡತಿ ಅಕ್ಕು ಬೇಕು.

ಅಂಥ ಕೈ ಮೌಸ್ ಹಿಡಿದದ್ದು ಈ ಡಿಸೆಂಬರಿನಲ್ಲಿ. ರೇಷನ್ ಕಾರ್ಡಿನ ಜೆರಾಕ್ಸಿಗೆಂದು ಅವರು ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಹೋಗಿದ್ದರು. ಅಲ್ಲಿ ಜೆರಾಕ್ಸ್, ಎಸ್‌ಟಿಡಿಯ ಜತೆ ಇಂಟರ್ನೆಟ್ಟೂ ಇದೆ. ಅಂಗಡಿ ನಡೆಸುವ ಗ್ಲ್ಯಾಡಿಸ್ ಬಾಯಿ ಕಂಪ್ಯೂಟರಿನ ಪರದೆಯಲ್ಲಿ ಕಾಣುವ ಮಡಿಸಿದ ಕಾಗದವೊಂದನ್ನು ಮೌಸಿನಿಂದಲೇ ಕತ್ತರಿಸುತ್ತಿದ್ದರು. ಬಿಡಿಸಿದರೆ ಅದು ಹಿಮದ ಹರಳು. ಮಾಡಿದವರ ಹೆಸರು, ಊರು ಹೊತ್ತು ಪರದೆಯಲ್ಲೇ ಉದುರುತ್ತದೆ. ಒಂದು ಹರಳಿಗೆ ಪರದೇಶದ ಕಂಪೆನಿಯೊಂದು ಮನೆಯಿಲ್ಲದ ಒಂದು ಮಗುವಿಗೆ ಒಂದು ಕಂಬಳಿ ಕೊಡುತ್ತದಂತೆ.

“ಐಸಿನ ಜನ ನೀವು. ಒಂದು ಮಾಡಿ ಅಂಗಾರಣ್ಣ” ಎಂದರು ಗ್ಲ್ಯಾಡಿಸ್.

ಅಂಗಾರ ಮಾಡಿದರು. ಚೂಪು ಕಂಡಲ್ಲೆಲ್ಲ ಕತ್ತರಿಸಿದರು. ಕತ್ತರಿಸಿದಲ್ಲಿ ಇನ್ನೊಂದು ಚೂಪು ಹುಟ್ಟಿತು, ಅದನ್ನೂ ತೆಗೆದರು. ಕೊನೆಗೆ ಕಾಗದವೇ ಉಳಿಯಲಿಲ್ಲ. ಗ್ಲ್ಯಾಡಿಸ್ ತಡೆಯುವಷ್ಟರಲ್ಲಿ ಕಳುಹಿಸುವ ಗುಂಡಿ ಒತ್ತಿಯಾಗಿತ್ತು. ನೀಲಿ ಪರದೆಯಲ್ಲಿ ‘ಅಂಗಾರ, ಹೂಡೆ’ ಎಂಬ ಅಕ್ಷರಗಳು ಮಾತ್ರ ನಿಧಾನವಾಗಿ ಕೆಳಗಿಳಿದವು.

ಅಂದಿನಿಂದ ಅವರದು ಒಂದೇ ಚಿಂತೆ. ಹರಳೇ ಇಲ್ಲದ ಮೇಲೆ ಆ ಮಗುವಿಗೆ ಕಂಬಳಿ ಸಿಕ್ಕಿತೇ?

“ಇನ್ನೊಂದ್ ಮಾಡಿ ಒಗೀರಿ ಕಾಕಾ, ಮುಗೀತು” ಎನ್ನುತ್ತಾನೆ ಜತೆಗೆ ಗಡ್ಡೆ ಎಳೆಯುವ ಬಾಗಲಕೋಟೆಯ ಬಾಲಪ್ಪ. ನನ್ನತ್ತ ತಿರುಗಿ, “ಇಲ್ಲಿ ಒಡದದ್ದು ಸಾಲಲಿಲ್ಲಂತ ಕಂಪ್ಯೂಟರ್ ಡಬ್ಬಿಯೊಳಗಿಂದೂ ಒಡ್ಯಾಕ ಹೋಗ್ತಾರ್ರೀ ಇವರು.”

ಅಂಗಾರ ನಗುವುದಿಲ್ಲ. “ಇನ್ನೊಂದು ಮಾಡಿದರೆ ಅದು ಇನ್ನೊಂದು ಮಗುವಿನದ್ದು. ಮೊದಲಿನ ಮಗು ಎಂತ ಮಾಡಬೇಕು? ಚಳಿ ಅಂದರೆ ಎಂತ ಅಂತ ನನಗೆ ಗೊತ್ತುಂಟು.”

ಅವರ ಕಾಟ ತಾಳಲಾರದೆ ಗ್ಲ್ಯಾಡಿಸ್ ಆ ಕಂಪೆನಿಗೆ ಮೇಲ್ ಬರೆದಿದ್ದಾರೆ. ಹನ್ನೊಂದು ದಿನದಿಂದ ಕೆಲಸ ಮುಗಿದದ್ದೇ ಅಂಗಾರ ಅಂಗಡಿಯ ಬಾಗಿಲಲ್ಲಿ ನಿಂತು “ಬಂತಾ?” ಎನ್ನುತ್ತಾರೆ. ಇಂದು ಗ್ಲ್ಯಾಡಿಸ್ ಹೌದೆಂದು ತಲೆಯಾಡಿಸುತ್ತಾರೆ.

“ಖಾಲಿಯಾದರೂ ಹರಳೇ ಅಂತೆ. ಕಂಬಳಿ ಕೊಡುತ್ತಾರಂತೆ.”

“ಮೊದಲನೇ ದಿನದ್ದಕ್ಕೇ ಅಲ್ವಾ?”

“ಅದಕ್ಕೇ ಮಾರಾಯ್ರೆ.”

ಅಂಗಾರ ಲುಂಗಿಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇದು ಅವರ ಎರಡನೆಯ ಹರಳು. ನಾಲ್ಕು ಕಡೆ ಕತ್ತರಿಸಿ ಕೈ ಹಿಂದಕ್ಕೆ ತೆಗೆಯುತ್ತಾರೆ. ಬಿಡಿಸಿದರೆ ಆರೂ ತುದಿಗಳು ಸೂಜಿಯಂತೆ ನಿಂತಿವೆ.

“ಇದರಲ್ಲಿ ಚೂಪು ಉಂಟಲ್ಲ ಅಂಗಾರಣ್ಣ?” ಗ್ಲ್ಯಾಡಿಸ್ ಕೆಣಕುತ್ತಾರೆ.

“ಇರಲಿ ಗ್ಲ್ಯಾಡಿಸ್ ಬಾಯಿ. ಕಂಬಳಿ ಉಂಟಲ್ಲ, ಮಗುವಿಗೆ ಚುಚ್ಚಲಿಕ್ಕಿಲ್ಲ.”