ಮೊಳೆಯಲ್ಲಿ ಗೀರಿದ ಕಲ್ಲು

ಗುಡ್ಡದ ಮೇಲಿನ ಕೋಟೆಮನೆಯನ್ನು ಕಂಡರೆ ಸಣ್ಣ ಮೇಸ್ತ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ವಯಸ್ಸು ಅರವತ್ತೆಂಟಾದರೂ ಊರಿಗೆ ಅವನಿನ್ನೂ ಸಣ್ಣ ಮೇಸ್ತ್ರಿಯೇ; ದೊಡ್ಡ ಮೇಸ್ತ್ರಿ ಎಂದರೆ ತೀರಿಹೋದ ಅವನಪ್ಪ. ಗಾರೆ ಕೆಲಸ ಕಲಿತಂದಿನಿಂದ ಆ ಮನೆಯ ಗೋಡೆಗಳಿಗೆ ತೇಪೆ ಹಚ್ಚುತ್ತ ಬಂದವನು, ಅಲ್ಲಿ ಮೆರೆದವರಲ್ಲಿ ಒಬ್ಬರನ್ನಾದರೂ ಮನುಷ್ಯರ ಲೆಕ್ಕಕ್ಕೆ ಸೇರಿಸಿರಲಿಲ್ಲ.

ಕಟ್ಟಿಸಿದವನು ಮರದ ವ್ಯಾಪಾರಿ. ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೆ ಕೋಟೆಯ ಚಿತ್ರ ನೋಡಿ, ತನಗೂ ಅಂಥದ್ದೇ ಬೇಕೆಂದು ಹಟ ಹಿಡಿದ ಮಹಾನುಭಾವ. ಬುರುಜು ಬೇಕು, ಗೋಡೆಯ ನೆತ್ತಿಗೆ ಹಲ್ಲುಹಲ್ಲಾದ ತೆನೆಗಳು ಬೇಕು, ಬಾಣ ಬಿಡುವ ಕಿಂಡಿ ಬೇಕು. ಬಾಣ ಬಿಡಲು ಅವನಿಗಿದ್ದ ಶತ್ರುಗಳೆಂದರೆ ಹೆಂಡತಿಯ ಅಣ್ಣತಮ್ಮಂದಿರು ಮಾತ್ರ. ಆದರೆ ಗುಡ್ಡದ ಮೇಲಕ್ಕೆ ಕಲ್ಲು ಸಾಗಿಸುವ ಖರ್ಚಿಗೆ ಜೀವ ಒಪ್ಪಲಿಲ್ಲ. ಇಟ್ಟಿಗೆಯಲ್ಲೇ ಗೋಡೆ ಎಬ್ಬಿಸಿ, "ನೋಡೋರಿಗೆ ಕಲ್ಲು ಅನ್ನಿಸಬೇಕು, ಅಷ್ಟೇ" ಎಂದು ದೊಡ್ಡ ಮೇಸ್ತ್ರಿಯ ಕೊರಳಿಗೆ ಕಟ್ಟಿದ.

ದೊಡ್ಡ ಮೇಸ್ತ್ರಿ ಹಸಿ ಗಾರೆಯ ಮೇಲೆ ದಾರ ಹಿಡಿದು ಮೊಳೆಯಿಂದ ಗೆರೆ ಗೀರಿದ. ಒಂದೊಂದು ಕಲ್ಲಿಗೂ ಅದರದೇ ಉಬ್ಬು, ಅದರದೇ ಬಿರುಕು, ಮೂಲೆಯಲ್ಲೊಂದಿಷ್ಟು ಸವೆತ. ಒಂದರಂತೆ ಇನ್ನೊಂದಿಲ್ಲ. ಬುರುಜಿನ ಹಿಂಬದಿಯಲ್ಲಿ ಕಟ್ಟಕಡೆಯ ಕಲ್ಲು ಮುಗಿಸಿ, ಅದರ ಕೆಳಮೂಲೆಗೆ ಹೆಬ್ಬೆಟ್ಟು ಒತ್ತಿದ. ಮನೆ ನೋಡಲು ನೆಂಟರು ಬಂದ ದಿನ ವ್ಯಾಪಾರಿ, ಕಲ್ಲು ಹಡಗಿನಲ್ಲಿ ಬಂತೆಂದು ಕೊಚ್ಚಿಕೊಂಡ. ಎಲ್ಲಿ ಬಾಯಿಬಿಡುತ್ತಾನೋ ಎಂದು ದೊಡ್ಡ ಮೇಸ್ತ್ರಿಯನ್ನು ಅದಕ್ಕೂ ಮೊದಲೇ ಹಿತ್ತಲ ಬಾಗಿಲಿನಿಂದ ಸಾಗಹಾಕಿದ್ದ.

ವ್ಯಾಪಾರಿ ಸಾಲದಲ್ಲಿ ಮುಳುಗಿದ ಮೇಲೆ ಅದು ಕ್ಷಯರೋಗಿಗಳ ಆಸ್ಪತ್ರೆಯಾಯಿತು. ಒಳ್ಳೆ ಗಾಳಿಗೆಂದು ರೋಗಿಗಳನ್ನು ಅಷ್ಟೆತ್ತರಕ್ಕೆ ಹತ್ತಿಸಿದ ಡಾಕ್ಟರು, ಅವರನ್ನು ಮಲಗಿಸಿದ್ದು ಬಾಣದ ಕಿಂಡಿಯ ಪಕ್ಕ. ಆಮೇಲೆ ಹೆಣ್ಣುಮಕ್ಕಳ ಶಾಲೆ ಬಂತು. ಹೆಡ್‌ಮಿಸ್ಸು ಕೋಟೆಗೆ ಗುಲಾಬಿ ಬಣ್ಣ ಬಳಿಸಿದಳು. ಆಮೇಲೆ ತೂಕ ಮತ್ತು ಅಳತೆಯ ಕಚೇರಿ. ಮುದ್ರೆ ಹಾಕಿಸಲು ತಕ್ಕಡಿ ಹೊತ್ತ ಅಂಗಡಿಯವರು ಅರ್ಧ ಗುಡ್ಡಕ್ಕೇ ಏದುಸಿರು ಬಿಟ್ಟು ವಾಪಸ್ಸಾಗುತ್ತಿದ್ದರು, ಸಾಹೇಬರಿಗೆ ಬೇಕಾದದ್ದೂ ಅದೇ.

ಬಂದವರೆಲ್ಲ ಬಳಿದ ಬಣ್ಣ ಗೆರೆಗಳನ್ನು ಮುಚ್ಚಿಹಾಕುತ್ತಿತ್ತು. ಪ್ರತಿ ಸಲವೂ ಸಣ್ಣ ಮೇಸ್ತ್ರಿ ಅಪ್ಪನ ಮೊಳೆ ಹಿಡಿದು ಗುಡ್ಡ ಹತ್ತಿ, ಯಾರೂ ಹೇಳದಿದ್ದರೂ ಗೆರೆಯೊಳಗಿನ ಬಣ್ಣ ಕೆರೆದು ಬಿಡಿಸಿ ಬರುತ್ತಿದ್ದ.

"ದರಿದ್ರದ ಮನೆ ಅಂತೀರಿ, ಮತ್ತೆ ಅಲ್ಲಿಗೇ ಓಡ್ತೀರಿ" ಎಂದು ಹೆಂಡತಿ ಛೇಡಿಸುತ್ತಿದ್ದಳು.

"ಮನೆ ಹಾಳಾಗಿಹೋಗ್ಲಿ ಕಣೇ. ಗೆರೆ ನಮ್ಮಪ್ಪಂದು."

ಹೊಸದಾಗಿ ಅಂಥ ಗೆರೆ ಎಳೆಯಲು ಅವನಿಗೆ ಬರುತ್ತಿರಲಿಲ್ಲ. ಇದ್ದದ್ದನ್ನು ಬಿಡಿಸಲಷ್ಟೇ ಬರುತ್ತಿತ್ತು, ಹಾಗಾಗಿ ಹೋದದ್ದು ಹೋದಂತೆಯೇ.

ಈಗ ಅದು ಹೋಟೆಲ್ಲಾಗುತ್ತದೆಯಂತೆ. ಮಾಲೀಕ ಹಳೇ ಕಟ್ಟಡಗಳ ತಜ್ಞನೊಬ್ಬನನ್ನು ಕರೆಸಿದ. ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಆಸಾಮಿ ಗೋಡೆಯನ್ನು ಬಡಿದು, ಕಿವಿಯಿಟ್ಟು ಕೇಳಿ, ತೀರ್ಪು ಕೊಟ್ಟ.

"ಒಳಗೆ ಕಲ್ಲಿದೆ. ಯಾವನೋ ತಿಳಿಗೇಡಿ ಮೇಲೆ ಗಾರೆ ಮೆತ್ತಿದ್ದಾನೆ. ಪೂರ್ತಿ ಕೆತ್ತಿ ತೆಗೀಬೇಕು."

ಕೆತ್ತಲು ಕರೆಸಿದ್ದು ಸಣ್ಣ ಮೇಸ್ತ್ರಿಯನ್ನು.

"ಒಳಗೆ ಇಟ್ಟಿಗೆ ಸ್ವಾಮಿ. ಈ ಗೆರೆ ಎಳೆದದ್ದು ನಮ್ಮಪ್ಪ" ಎಂದ ಅವನು.

ತಜ್ಞ ನಕ್ಕ. "ನಿಮ್ಮಪ್ಪನಾ? ಇಲ್ಲಿ ನೋಡು, ಇದು ಒಳಗಿನ ಕಲ್ಲಿನ ಸಂದು ಮೇಲೆ ಮೂಡಿರೋದು. ಗಾರೆಯವರ ಕೈಗೆ ಇದೆಲ್ಲ ಬರೋದಿಲ್ಲಪ್ಪ."

ಒಲ್ಲೆ ಎಂದರೆ ಬೇರೆ ಯಾರೋ ಬಂದು ಹೆಬ್ಬೆಟ್ಟಿನ ಸಮೇತ ಎಲ್ಲವನ್ನೂ ಬಡಿದುಹಾಕುತ್ತಾರೆ. ಸಣ್ಣ ಮೇಸ್ತ್ರಿ ಹಲ್ಲುಕಚ್ಚಿ ಉಳಿ ಎತ್ತಿಕೊಂಡ. ಮುಂಭಾಗದ ಗೋಡೆಗೆ ನಾಲ್ಕು ದಿನ ಹಿಡಿಯಿತು. ಇಟ್ಟಿಗೆ. "ಇದು ಆಮೇಲೆ ಕಟ್ಟಿದ್ದಿರಬೇಕು, ಪಕ್ಕದ್ದು ನೋಡೋಣ" ಎಂದ ತಜ್ಞ. ಪಕ್ಕದ ಎರಡು ಗೋಡೆಗಳೂ ಹೋದವು. ಅಲ್ಲೂ ಇಟ್ಟಿಗೆ. ಅಪ್ಪನ ಕಲ್ಲುಗಳು ಪುಡಿಪುಡಿಯಾಗಿ ಸಣ್ಣ ಮೇಸ್ತ್ರಿಯ ಕಾಲಬುಡದಲ್ಲಿ ಬಿದ್ದವು. ಅಳು ಬಂತು, ಈ ಮುಠ್ಠಾಳರ ಮುಂದೆ ಅಳುವುದೇ ಎಂದು ನುಂಗಿಕೊಂಡ.

ಮಾಲೀಕ ತಜ್ಞನನ್ನು ದುರುಗುಟ್ಟಿ ನೋಡಿದ. ತಜ್ಞನ ಮುಖ ಹುಳ್ಳಗಾಯಿತು, ಮಾತಿಗೆ ಬಹುವಚನವೂ ಬಂತು.

"ನೀವು ಹೇಳಿದ್ದೇ ನಿಜ ಆಯ್ತು ಮೇಸ್ತ್ರಿ. ಬುರುಜಿನ ಹಿಂದಿನ ಗೋಡೆ? ನೀವೇ ಹೇಳ್ಬಿಡಿ."

ಮುಖಕ್ಕೆ ಹೊಡೆದ ಹಾಗೆ ನಿಜ ಹೇಳುವವನೆಂದು ಊರೇ ಅವನ ಬಾಯಿಗೆ ಹೆದರುತ್ತಿತ್ತು. ಅವನು ಆ ಹೆಬ್ಬೆಟ್ಟಿನ ಕಡೆ ನೋಡಿದ.

"ಅದೊಂದು ಮಾತ್ರ ಅಸಲಿ ಕಲ್ಲು. ಮೇಲೆ ಗಾರೆನೇ ಇಲ್ಲ. ಉಳಿ ತಾಗಿಸಬೇಡಿ."

ತಜ್ಞ ಓಡಿಹೋಗಿ ಬಡಿದು ಕಿವಿಯಿಟ್ಟ. "ನೋಡಿ, ನೋಡಿ! ಇದರ ನಾದವೇ ಬೇರೆ!"

ಗೋಡೆ ಉಳಿಯಿತು. ಮರದ ವ್ಯಾಪಾರಿಯ ಸುಳ್ಳನ್ನೇ ತಾನೂ ಹೇಳಿದೆನಲ್ಲ ಎಂದು ಸಣ್ಣ ಮೇಸ್ತ್ರಿಗೆ ತನ್ನ ಮೇಲೂ ಹೇಸಿಗೆಯಾಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಹೋಟೆಲು ಶುರುವಾಗಿ ಆರು ತಿಂಗಳಿಗೆ ಅವನು ಗುಡ್ಡ ಹತ್ತಿದ. ಗೋಡೆಯ ಮುಂದೆ ಹಗ್ಗ ಕಟ್ಟಿ, ಪುರಾತನ ಶಿಲ್ಪಿಗಳ ಕೈಚಳಕ ಎಂದು ಫಲಕ ಹಾಕಿದ್ದರು. ಗೆರೆಗಳಲ್ಲಿ ಧೂಳು ಕೂತಿತ್ತು. ಮೊಳೆ ತೆಗೆದು ಹಗ್ಗ ದಾಟುವಷ್ಟರಲ್ಲಿ ಕಾವಲಿನವನು ಓಡಿಬಂದ.

"ಏ ಅಜ್ಜ, ದೂರ ಸರಿ! ಇದೇನು ನಿಮ್ಮಪ್ಪಂದಾ?"

ಸಣ್ಣ ಮೇಸ್ತ್ರಿ ಬಾಯಿ ತೆರೆದ. ಆಮೇಲೆ ಮೊಳೆಯನ್ನು ಜೇಬಿಗೆ ಹಾಕಿಕೊಂಡು, "ಅಲ್ಲ" ಎಂದು ಹೇಳಿ, ಹಿತ್ತಲ ಬಾಗಿಲಿನ ಕಡೆ ನಡೆದ.