ಎರಡು ಗುಳಿಗೆ, ಸುಲಿದ ಕೈ

ಮೊದಲು ಬಂದದ್ದು ಕೆಮ್ಮು. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಕೆಮ್ಮದವರು ಯಾರಿದ್ದಾರೆ? ಹತ್ತಿಯ ಧೂಳು ಅಂತ ನಮ್ಮ ಮನೆಯವರು ಅದು ಇಳಿಯಲೆಂದು ಬೆಲ್ಲ ತಿಂದು ಕೆಲಸಕ್ಕೆ ಹೋದರು. ನಾನೂ ಅದೇ ಶೆಡ್ಡಿನಲ್ಲಿ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುವವಳು, ಅದನ್ನೇ ನಂಬಿದೆ. ಕೆಮ್ಮಿನಲ್ಲಿ ರಕ್ತ ಬಂದ ಮೇಲೆ ಕೊಲ್ಹಾಪುರದ ಆಸ್ಪತ್ರೆಗೆ ಹೋದೆವು.

ಶ್ವಾಸಕೋಶದ ಕ್ಯಾನ್ಸರ್. ಬೆನ್ನೆಲುಬಿಗೂ ಹೋಗಿತ್ತು.

ಕೀಮೋ ಕೆಲವು ತಿಂಗಳು ತಡೆಯಿತು, ಆಮೇಲೆ ಕೈಬಿಟ್ಟಿತು. ಆಗ ಡಾಕ್ಟರ್ ಮೇಡಂ ಔಷಧಿ ಪರೀಕ್ಷೆಯ ಒಂದು ಟ್ರಯಲ್ ಇದೆ ಎಂದರು. ಕ್ಯಾನ್ಸರ್ ಬೆಳೆಯುವ ದಾರಿಗೇ ಗುರಿಯಿಟ್ಟು ತಡೆಯುವ ಎರಡು ಗುಳಿಗೆ. ಎರಡನ್ನೂ ಕೂಡಿಸಿ ಕೊಡುವುದು ಹೊಸದು. ಎಷ್ಟು ಕೊಟ್ಟರೆ ಮೈ ತಾಳುತ್ತದೆ ಎಂಬುದು ನಮಗೂ ಗೊತ್ತಿಲ್ಲ, ಅದನ್ನು ತಿಳಿಯಲಿಕ್ಕೇ ಈ ಟ್ರಯಲ್, ಗುಣವಾಗುತ್ತದೆಂದು ಮಾತು ಕೊಡುವುದಿಲ್ಲ ಎಂದು ಬಿಚ್ಚಿ ಹೇಳಿದರು. ಇವರ ಕಿವಿಗೆ ಬಿದ್ದದ್ದು ಗುಳಿಗೆ ಇದೆ ಅನ್ನುವುದಷ್ಟೇ.

ಟ್ರಯಲ್‌ಗೆ ಸೇರಿ ಗುಳಿಗೆ ಶುರುವಾದ ಮೇಲೆ ಕೆಮ್ಮು ಇಳಿಯಿತು. ಆದರೆ ಅಂಗೈ ಕೆಂಪಾಗಿ ಉರಿದು, ಚರ್ಮ ಸುಲಿಯತೊಡಗಿತು. ಅಂಗಾಲೂ ಹಾಗೇ. ರೊಟ್ಟಿ ಮುರಿಯಲು ಬಾರದು. ನಾನು ಮುರಿದು ಬಾಯಿಗೆ ಇಡಹೋದರೆ ಸಿಟ್ಟು.

"ಮೇಡಂಗ ಹೇಳೂಣ್ರಿ," ಅಂದೆ.

"ಹೇಳಿದಿ ಅಂದ್ರ ಗುಳಿಗಿ ಬಂದ್ ಮಾಡ್ತಾರ. ಆಮ್ಯಾಲೆ ಏನೈತಿ ನಮ್ಮ ಕಡೆ?"

ಹೇಳಿದರೆ ಗುಳಿಗೆ ಹೋಗುತ್ತದೆ, ಹೇಳದಿದ್ದರೆ ಅದೇ ಗುಳಿಗೆ ಇವರನ್ನು ತಿನ್ನುತ್ತದೆ. ಯಾವ ಕಡೆ ತಿರುಗಿದರೂ ಗೋಡೆ. ಹಾಳಾದ್ದು, ಯಾರ ಮೇಲೆ ಸಿಟ್ಟು ಮಾಡಲಿ? ಪಾತ್ರೆಗಳನ್ನು ಕುಕ್ಕಿದೆ.

ಮುಂದಿನ ಚೆಕಪ್‌ನಲ್ಲಿ ಇವರು ಕೈಗಳನ್ನು ಟವೆಲ್ಲಿನಡಿ ಮುಚ್ಚಿಕೊಂಡು ಕೂತರು. ಮೇಡಂ ಕೇಳಿದ್ದಕ್ಕೆಲ್ಲ, ಏನೂ ತ್ರಾಸಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ನನಗೆ ತಡೆಯಲಾಗಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ.

ಮಗ್ಗಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಶೆಡ್ಡಿನವರು ನಾವು ಕೈಯಲ್ಲೇ ಮಾತಾಡುತ್ತೇವೆ. ಅಂಗೈ ಎತ್ತಿ ಅಲ್ಲಾಡಿಸಿದರೆ, ಮಗ್ಗ ನಿಲ್ಲಿಸಬೇಡ, ನಡೆಯಲಿ ಎಂದು ಅರ್ಥ. ಗುಳಿಗೆ ನಿಲ್ಲಿಸಬೇಡ ಎಂದು ನನ್ನ ಬಾಯಿ ಮುಚ್ಚಿಸುವ ಅವಸರದಲ್ಲಿ ಇವರು ಅದನ್ನೇ ಮಾಡಿಬಿಟ್ಟರು.

ಸುಲಿದ ಅಂಗೈ ಮೇಡಂ ಮುಖದ ಮುಂದೆಯೇ ಇತ್ತು.

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ನೀವು ಇದನ್ನು ಮುಚ್ಚಿಟ್ಟಿದ್ದರೆ, ಎಲ್ಲ ಸರಿಯಿದೆ ಎಂದುಕೊಂಡು ಮುಂದೆ ಸೇರುವವರಿಗೆ ಇದಕ್ಕಿಂತ ಹೆಚ್ಚು ಡೋಸ್ ಕೊಡುತ್ತಿದ್ದೆವು ಎಂದರು. ಇವರು ತಲೆ ತಗ್ಗಿಸಿದರು. ಅವತ್ತೇ ಗುಳಿಗೆ ನಿಂತವು. ಆ ದಿನಗಳಲ್ಲಿ ನಾನೇ ಇವರನ್ನು ಕೊಂದೆನೇನೋ ಎಂದು ಹೆದರಿ ಊಟ ಬಿಟ್ಟೆ. ಕೈ ಮಾಯ್ದ ಮೇಲೆ ಡೋಸ್ ಇಳಿಸಿ ಮತ್ತೆ ಶುರು ಮಾಡಿದರು. ಮೊನ್ನೆಯ ಸ್ಕ್ಯಾನಿನಲ್ಲಿ ಗಡ್ಡೆ ಕರಗಿಲ್ಲ. ಬೆಳೆದೂ ಇಲ್ಲ. ಸದ್ಯಕ್ಕೆ ಅಷ್ಟೇ. ಅಷ್ಟಕ್ಕೇ ದೇವರಿಗೆ ಕೈಮುಗಿದೆ.

ಅದೇ ದಿನ ಗಡಹಿಂಗ್ಲಜದ ಒಬ್ಬರು ಟ್ರಯಲ್‌ಗೆ ಸೇರಲು ಬಂದು ಹೊರಗೆ ಕೂತಿದ್ದರು. ಇವರು ತಾವಾಗಿಯೇ ಹೋಗಿ ಅವರ ಪಕ್ಕದಲ್ಲಿ ಕೂತರು.

"ಏನರ ತ್ರಾಸ ಆದ್ರ ಮುಚ್ಚಬ್ಯಾಡ್ರಿ. ಹೇಳ್ರಿ," ಅಂದರು.

"ಆರಾಮ ಆಗತೈತೇನ್ರಿ ಇದರಾಗ?" ಆ ಮನುಷ್ಯ ಕೇಳಿದರು.

"ಅದು ನನಗೂ ಗೊತ್ತಿಲ್ರಿ," ಅಂದರು ಇವರು. "ಇವತ್ತು ನನ್ನ ಕಾಲಮ್ಯಾಲ ನಡಕೋತ ಬಂದೇನಿ ನೋಡ್ರಿ."